ಕೋಳಿಗೂ ತಗುಲಬಾರದ ಬಸ್ಸು

ಬರೆಯಲು ಕೂತು ಇದು ಮೂರನೇ ಸಲ ಏಳುವುದು. ಮೊದಲು ಪಕ್ಕದ ಮನೆಯಾಕೆ ಹಾಲಿಗೆ ಹೆಪ್ಪು ಬೇಕೆಂದು ಬಂದಳು. ಹೆಪ್ಪು ಕೊಟ್ಟೆ. ಹೆಪ್ಪು ಅವಳ ಕೈಯಲ್ಲಿತ್ತು, ಅವಳು ಮಾತ್ರ ನಮ್ಮ ಹೊಸಲಿನಲ್ಲೇ ಇದ್ದಳು. ಆಮೇಲೆ ದೊಡ್ಡ ಮಗಳು ಓಡಿ ಬಂದು, ತಂಗಿ ಮಸಿಕುಡಿಕೆಯನ್ನು ಏನೂ ಮಾಡಿಲ್ಲ ಎಂದಳು. ಕೇಳದೆಯೇ ಹೀಗೆ ಹೇಳಿದರೆ ಏನಾಗಿದೆ ಎಂದು ತಾಯಿಗೆ ಗೊತ್ತಿರುತ್ತದೆ. ಈಗ ನಮ್ಮ ಯಜಮಾನರು ಒಳಗಿನಿಂದ, "ಲೇ, ನನ್ನ ಟವಲ್ಲೆಲ್ಲೇ?" ಎನ್ನುತ್ತಿದ್ದಾರೆ. ಅದು ಅವರ ಹೆಗಲ ಮೇಲಿದೆ. ಹುಡುಕಲಿ, ಅಷ್ಟು ಹೊತ್ತು ನಾನು ಬರೆದುಕೊಳ್ಳುತ್ತೇನೆ.

ನನ್ನ ಹಣೆಬರಹವೇ ಇಷ್ಟು. ನಾನು ನೆಟ್ಟಗೆ ಒಂದು ಕಡೆ ಹೊರಟರೆ ಏನಾದರೊಂದು ಅಡ್ಡ ಬರಲೇಬೇಕು. ಯುದ್ಧದ ವರ್ಷಗಳಲ್ಲಿ ಹೆಣ್ಣುಮಕ್ಕಳ ಸ್ಕೂಲ್ ಬಸ್ಸಿನಲ್ಲಿ ಕೆಲಸಕ್ಕಿದ್ದೆನಲ್ಲ, ಆಗ ದಿನವೂ ಇದೇ ಕಥೆ.

ಕೂಗುವ ಕೆಲಸ

ಮದ್ದೂರಿನ ಕಡೆಯ ಹಳ್ಳಿಗಳಿಂದ ಮಂಡ್ಯದ ಸ್ಕೂಲಿಗೆ ಹುಡುಗಿಯರನ್ನು ಕರೆತಂದು, ಸಾಯಂಕಾಲ ವಾಪಸು ಬಿಡಲು ಒಂದು ಹಳೇ ಬಸ್ಸು ಗೊತ್ತು ಮಾಡಿದ್ದರು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಒಂದು ಮೂಲೆಯಲ್ಲಿ ದೊಡ್ಡ ಡ್ರಮ್ಮು, ಅದರಲ್ಲಿ ಇದ್ದಿಲು ಉರಿಯಬೇಕು, ಅದರಿಂದ ಬರುವ ಗ್ಯಾಸಿನಲ್ಲಿ ಬಸ್ಸು ಓಡಬೇಕು. ಓಡುವುದು ಎಂದು ಬಸ್ಸಿನ ಮರ್ಯಾದೆಗೆ ಬರೆದಿದ್ದೇನೆ. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಕ್ಷೇಮ ಸಮಾಚಾರ ಕೇಳಿ ಹೋಗುತ್ತಿದ್ದರು. ಡ್ರೈವರು ಮದ್ದೂರಿನ ಸಾಬರು. ಬಿಳೀ ಗಡ್ಡ, ಹಳೇ ಕೋಟು, ಲೋಕದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ.

ಆ ಹಳ್ಳಿಗಳ ಸಾಲಿಗೆಲ್ಲ ಒಬ್ಬ ಗೌಡರ ಮಾತೇ ಮಾತು. ಅವರ ಮೊಮ್ಮಗಳು ಬಸ್ಸು ಹತ್ತಿದರೆ ಉಳಿದ ಹುಡುಗಿಯರೂ ಹತ್ತುತ್ತಾರೆ. ಅವಳು ಇಳಿದರೆ ಬಸ್ಸು ಖಾಲಿ. ಗೌಡರು ಕಳಿಸಲು ಒಪ್ಪಿದರು, ಆದರೆ ಸುಮ್ಮನೆ ಒಪ್ಪಲಿಲ್ಲ.

"ಬಸ್ಸಲ್ಲಿ ಓದು ಬರಹ ಬಲ್ಲ ಎಂಗಸು ಒಬ್ಳು ಕೂತಿರ್ಬೇಕು. ಇನ್ನೊಂದು ಮಾತು. ಬಸ್ಸು ಓಗಿ ಒಂದು ಕೋಳಿಗೇ ತಗುಲ್ಲಿ, ಇಲ್ಲಾ ಬಸ್ಸಿಗೇ ಏನಾರ ಬಂದು ತಗುಲ್ಲಿ, ಅವತ್ತಿಂದ ನನ್ ಮೊಮ್ಮಗ್ಳು ಮನೇಲಿ ಕೂತ್ಕತಾಳೆ. ತಪ್ಪು ಯಾರ್ದು ಅಂತ ನಾನ್ ಕೇಳಾಕಿಲ್ಲ."

ಓದು ಬರಹ ಬಲ್ಲ ಹೆಂಗಸು ಎಂದರೆ ನಾನು. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ನನ್ನನ್ನು ಹಸೆಮಣೆಯ ಮೇಲೆ ಕೂರಿಸಿದ್ದರು. ಓದು ಅಲ್ಲಿಗೆ ನಿಂತಿತು. ಬಾಯಿ ನಿಲ್ಲಲಿಲ್ಲ. ಆಗ ದೊಡ್ಡ ಮಗಳಿಗೆ ಇನ್ನೂ ಹಲ್ಲು ಬರುತ್ತಿದ್ದ ಕಾಲ. ಅವಳನ್ನು ಕಂಕುಳಿಗೆ ಏರಿಸಿಕೊಂಡು ಮೊದಲ ದಿನ ಮುಂದಿನ ಸೀಟಿನಲ್ಲಿ ಕೂತೆ.

"ಸಾಬ್ರೇ, ಇಲ್ಲಿ ನನ್ನ ಕೆಲಸ ಏನು?" ಎಂದು ಕೇಳಿದೆ.

"ಕೂಗೋದು ಕಣಮ್ಮ. ಹಾರನ್ನಿನ ರಬ್ಬರ್ ಚೆಂಡು ಸೀಳೋಗದೆ. ಯುದ್ದ ಮುಗಿಯೋಗಂಟ ರಬ್ಬರ್ ಸಿಗಾಕಿಲ್ಲ. ಯಾರಾರ ಅಡ್ಡ ಬಂದ್ರೆ ನೀನು ಕೂಗ್ಬೇಕು."

"ಮಂಡ್ಯದಲ್ಲಿ ಇಷ್ಟು ಜನ ಹೆಂಗಸರಿದ್ದಾರೆ. ಕೂಗೋಕೆ ನನ್ನನ್ನೇ ಯಾಕೆ ಹುಡುಕಿದ್ರಿ?"

"ನಾವೆಲ್ಲಿ ಉಡುಕುದ್ವಿ? ನಿಮ್ಮ ಯಜಮಾನ್ರೇ ಬಂದು ಯೋಳುದ್ರು."

ಹಾರನ್ನು ಸರಿಹೋದದ್ದು

ಕೂಗುವುದು ಸುಲಭದ ಕೆಲಸ ಎಂದುಕೊಂಡಿದ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಸ್ಕೂಲಿನಲ್ಲಿ ಕಲಿತ ಮರ್ಯಾದೆಯಿಂದ, "ಸ್ವಲ್ಪ ದಾರಿ ಬಿಡಿ" ಎಂದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ದಾರಿ ಬಿಡುವ ಬದಲು ಎಮ್ಮೆಯನ್ನೂ ತಿರುಗಿಸಿಕೊಂಡು ಬಸ್ಸಿನ ಹತ್ತಿರವೇ ಬಂದ.

"ಏನವ್ವ, ಕರುದ್ರಾ?"

ಇನ್ನೊಂದು ಫರ್ಲಾಂಗು ಹೋದರೆ ಗುದ್ದಲಿ ಹೊತ್ತ ಮುದುಕ. ಅವನು ರಸ್ತೆಯ ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, "ಯಾರ್ ಮನೆ ಮಗ್ಳವ್ವ ನೀನು?" ಎಂದ. ಹೇಳಿದೆ. ನಮ್ಮ ತಾತ ಅವನಿಗೆ ಗೊತ್ತಂತೆ. ಬಸ್ಸು ನಿಂತಿತು, ಇದ್ದಿಲು ಆರಿತು.

ಸಾಬರು ಸ್ಟೇರಿಂಗಿನ ಮೇಲೆ ಗಡ್ಡ ಊರಿಕೊಂಡು ಹೇಳಿದರು: "ಅಮ್ಮಾ, ಹಾರನ್ನು ಹೊಡುದ್ರೆ ಜನ ಅತ್ಲಾಗೆ ಓಗ್ಬೇಕು. ನೀನು ಕೂಗುದ್ರೆ ಇತ್ಲಾಗೆ ಬತ್ತಾವ್ರೆ."

ಹೀಗೇ ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಮನೆಯಲ್ಲಿ ಸೌದೆ ಒಡೆಯುವ ವಿಷಯಕ್ಕೆ ಯಜಮಾನರ ಜೊತೆ ಜಗಳವಾಡಿ, ಜಗಳ ಅರ್ಧದಲ್ಲಿರುವಾಗಲೇ ಬಸ್ಸು ಹತ್ತಿದ್ದೆ. ಊರಾಚೆ ನಾಲ್ಕು ಜನ ಗಂಡಸರು ರಸ್ತೆಯ ಅಗಲಕ್ಕೂ ಹರಡಿಕೊಂಡು ಬೀಡಿ ಸೇದುತ್ತಾ ಹೋಗುತ್ತಿದ್ದರು. ಬಾಯಲ್ಲಿ ಉಳಿದಿದ್ದ ಅರ್ಧ ಜಗಳ ತಾನಾಗಿಯೇ ಹೊರಗೆ ಬಂತು.

"ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೊರಟ್ರಿ? ಮನೇಲಿ ಸೌದೆ ಒಡೆಯೋರು ಯಾರು?"

ನಾಲ್ಕೂ ಜನ ತಿರುಗಿಯೂ ನೋಡದೆ ಪಕ್ಕದ ಗದ್ದೆಗೆ ಹಾರಿದರು. ಒಬ್ಬನ ಬೀಡಿ ರಸ್ತೆಯಲ್ಲೇ ಉಳಿಯಿತು. ಸಾಬರು ಅಷ್ಟು ದೂರವನ್ನು ಒಂದು ಸಲವೂ ಬ್ರೇಕು ಮುಟ್ಟದೆ ದಾಟಿ, "ಹಾರನ್ನು ಸರಿಹೋಯ್ತು" ಎಂದರು.

ಅಂದಿನಿಂದ ಅದೇ ಮಾತು, ಅದೇ ದನಿ. ಒಂದು ದಿನ ಸಕ್ಕರೆ ಕಾರ್ಖಾನೆಯ ಕಡೆ ಸೈಕಲ್ಲಿನಲ್ಲಿ ಒಬ್ಬರು ಅಡ್ಡ ಹೋಗುತ್ತಿದ್ದರು. ಕೂಗಿದೆ. ಸೈಕಲ್ಲೂ ಅವರೂ ಒಟ್ಟಿಗೇ ಕಾಲುವೆಗೆ ಇಳಿದರು. ನೋಡಿದರೆ ನಮ್ಮ ಯಜಮಾನರು. ಸಾಯಂಕಾಲ ಒದ್ದೆ ಪಂಚೆ ಹಿಂಡುತ್ತಾ, "ದನಿ ಕೇಳಿದ ಮೇಲೂ ನಾನು ಅಂತ ಗೊತ್ತಾಗಲಿಲ್ವಾ?" ಎಂದು ಕೇಳಿದೆ.

"ಗೊತ್ತಾಗಿದ್ದಕ್ಕೇ ಇಳಿದೆ" ಎಂದರು.

ತಿರುವು ನೋಡಿ ಬರುವುದು

ಸಾಬರು ಬಸ್ಸು ಬಿಡುವ ಕ್ರಮವೇ ಬೇರೆ. "ರಸ್ತೇಲಿರೋರೆಲ್ಲ ನಿದ್ದೇಲವ್ರೆ ಅಂದ್ಕೊಂಡೇ ಬುಡ್ಬೇಕು ಕಣಮ್ಮ" ಎನ್ನುತ್ತಿದ್ದರು. ಆಚೆ ಬದಿ ಕಾಣದ ತಿರುವು ಬಂದರೆ ಬಸ್ಸು ನಿಲ್ಲಿಸಿ, ಕೆಳಗಿಳಿದು, ತಿರುವಿನ ಆಚೆಗೆ ನಡೆದುಹೋಗಿ, ಎದುರಿಗೆ ಏನೂ ಬರುತ್ತಿಲ್ಲ ಎಂದು ನೋಡಿಕೊಂಡು ಬಂದು ಆಮೇಲೆ ಬಸ್ಸು ಬಿಡುತ್ತಿದ್ದರು. ಅವರು ನೋಡಿಕೊಂಡು ಬರುವಷ್ಟರಲ್ಲಿ ಏನು ಬೇಕಾದರೂ ಬಂದಿರಬಹುದಲ್ಲ ಎಂದು ನಾನು ಒಮ್ಮೆ ಕೇಳಿದೆ. ಅವರು ಯೋಚನೆ ಮಾಡಿ, ಇನ್ನೊಂದು ಸಲ ಹೋಗಿ ನೋಡಿ ಬಂದರು.

ಅವರ ತಮ್ಮನೂ ಡ್ರೈವರು. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಬರುವ ಬಸ್ಸು ಅವನದು. ಅವನಿಗೆ ಬಸ್ಸು ಬಿಡುವುದನ್ನು ಕಲಿಸಿದವರು ಇವರೇ. ಒಂದು ಸಾಯಂಕಾಲ ಹುಡುಗಿಯರನ್ನು ಊರಿಗೆ ಬಿಡಲು ಹೊರಟಿದ್ದೆವು. ದೊಡ್ಡ ಹುಣಸೆಮರದ ತಿರುವಿನಲ್ಲಿ ಸಾಬರು ಬಸ್ಸು ನಿಲ್ಲಿಸಿ ಇಳಿದು ಹೋದರು. ಹೋದವರು ಬರಲೇ ಇಲ್ಲ. ಕಂಕುಳಲ್ಲಿ ಮಗಳ ಅಳು, ಹಿಂದೆ ಮಗ್ಗಿ ಹೇಳಿಕೊಳ್ಳುತ್ತಿದ್ದ ಹುಡುಗಿಯರ ನಗು. ಕೊನೆಗೆ ಸಾಬರು ಬಂದರು, ಮುಖದಲ್ಲಿ ಸಂತೋಷ. ಹತ್ತಿ ಕೂತು ಬಸ್ಸು ಬಿಟ್ಟರು.

ಬಸ್ಸು ತಿರುವಿನಲ್ಲಿ ಅರ್ಧ ತಿರುಗಿತ್ತು. ಎದುರಿಗೆ ಮಳವಳ್ಳಿ ಬಸ್ಸು. ಎರಡೂ ಕಿರುಚಿಕೊಂಡು ನಿಂತಾಗ ಎರಡರ ಮೂತಿಗಳ ನಡುವೆ ಒಂದು ಮೊರ ಹಿಡಿಸುವಷ್ಟು ಜಾಗ ಇತ್ತು. ಗೌಡರ ಮೊಮ್ಮಗಳು ಕಿಟಕಿಯಿಂದ ಬಗ್ಗಿ ನೋಡಿ, "ತಗುಲಿಲ್ಲ ಅಕ್ಕ, ನೋಡ್ದೆ" ಎಂದಳು. ಆ ಮಗುವಿಗೆ ಮೊದಲು ಹೊಳೆದದ್ದು ಅದೇ.

"ಸಾಬ್ರೇ, ಹೋಗಿ ನೋಡಿಕೊಂಡು ಬಂದ್ರಲ್ಲ" ಎಂದೆ.

"ನೋಡ್ದೆ ಕಣಮ್ಮ. ಅಲ್ಲಿ ನನ್ ತಮ್ಮನ್ನ ಬುಟ್ಟು ಯಾರೂ ಇರ್ನಿಲ್ಲ."

ತಮ್ಮನೂ ತನ್ನ ತಿರುವು ನೋಡಲು ಇಳಿದು ಬಂದಿದ್ದನಂತೆ. ಇಬ್ಬರೂ ಮರದ ಕೆಳಗೆ ಕೂತು ತಂಗಿಯ ಮಗಳ ಮದುವೆಯ ಮಾತು ಮುಗಿಸಿ, ಜಾಗರೂಕತೆಯಿಂದ ಹೋಗು ಎಂದು ಒಬ್ಬರಿಗೊಬ್ಬರು ಬುದ್ಧಿ ಹೇಳಿ ಎದ್ದಿದ್ದರು.

ಹುರುಳಿ ಕಣ

ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಹೋಗುವ ಬರುವ ಬಸ್ಸು ಗಾಡಿಗಳ ಚಕ್ರ ಅದನ್ನು ತುಳಿದು ಕಾಳು ಬಿಡಿಸುತ್ತದೆ. ಎಲ್ಲ ಡ್ರೈವರುಗಳೂ ತುಳಿದು ಹೋಗುತ್ತಿದ್ದರು. ನಮ್ಮ ಸಾಬರು ಒಪ್ಪರು. ಒಣ ಗಿಡದ ಮೇಲೆ ಚಕ್ರ ಜಾರುತ್ತದೆ, ಹಿಂದಿನ ಡ್ರಮ್ಮಿನಿಂದ ಒಂದು ಕೆಂಡ ಬಿದ್ದರೆ ಹುರುಳಿಯ ಜೊತೆ ನಾವೂ ಬೇಯುತ್ತೇವೆ ಎಂದು ಅವರ ವಾದ. ರಸ್ತೆ ಬಿಟ್ಟು ಪಕ್ಕದ ಮಣ್ಣಿನಲ್ಲಿ ಇಳಿಸಿಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಹಾಗೆ ಪಕ್ಕಕ್ಕೆ ಇಳಿಸುತ್ತಿದ್ದಾಗ ಹುರುಳಿಯ ಒಡತಿ ಅಜ್ಜಿ ಬಸ್ಸಿನ ಮುಂದೆ ಬಂದು ಕೂತುಬಿಟ್ಟಳು.

"ಎಲ್ಲಾರ ಬಸ್ಸೂ ತುಳ್ಕಂಡು ಓಯ್ತವೆ. ನಿನ್ ಬಸ್ಸಿಗೇನು ಮಡಿಯಾ?"

"ಅಜ್ಜಿ, ಕೆಂಡ ಬಿದ್ರೆ ನಿನ್ ಉರುಳಿ ಸುಟ್ಟೋಯ್ತದೆ" ಎಂದರು ಸಾಬರು.

"ಸುಟ್ರೆ ಸುಡ್ಲಿ, ಉರ್ದುಕೊಂಡು ತಿಂತೀನಿ. ನೀನು ತುಳಿ."

ನನ್ನ ಹೊಸ ಹಾರನ್ನು ಹೊಡೆದೆ. ಅಜ್ಜಿಗೆ ಅದು ಹಿಡಿಯಲಿಲ್ಲ. ಸೌದೆ ಒಡೆಸುವ ಕಡೆಯವಳು ಅವಳು, ಒಡೆಯುವ ಕಡೆಯವಳಲ್ಲ. ಸ್ಕೂಲಿನ ಗಂಟೆಗೆ ಹೊತ್ತಾಗುತ್ತಿತ್ತು. ಬೇರೆ ದಾರಿ ಕಾಣದೆ ಹುಡುಗಿಯರನ್ನೆಲ್ಲ ಕೆಳಗಿಳಿಸಿ, ಲಂಗ ಎತ್ತಿ ಕಟ್ಟಿಸಿ, "ತುಳೀರಿ" ಎಂದೆ. ಅವರಿಗೆ ಹಬ್ಬ. ಕುಣಿದರು. ಕಾಳು ಚಟಚಟ ಸಿಡಿಯಿತು. ಅಜ್ಜಿ ನಗುತ್ತಾ ಎದ್ದು ದಾರಿ ಬಿಟ್ಟಳು.

ಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ಸಮ್ಮ ಗೇಟಿನಲ್ಲೇ ನಿಂತಿದ್ದರು. "ಯಾಕಿಷ್ಟು ಲೇಟು?" ಎಂದರು. ಗೌಡರ ಮೊಮ್ಮಗಳು ನಿಜವನ್ನೇ ಹೇಳಿದಳು. ಆಕೆ ಅವಳ ಜಡೆಯಿಂದ ಒಂದು ಹುರುಳಿ ಸಿಪ್ಪೆ ತೆಗೆದು, ಅದನ್ನೂ ನೋಡಿ, ನನ್ನನ್ನೂ ನೋಡಿ, ಒಳಗೆ ಹೋದರು.

ಮಾರನೆಯ ದಿನ ಅದೇ ಜಾಗದಲ್ಲಿ ಇನ್ನೂ ದೊಡ್ಡ ಹಾಸು. ಅಜ್ಜಿ ರಸ್ತೆಯ ಪಕ್ಕದಲ್ಲಿ ಮರ್ಯಾದೆಯಿಂದ ನಿಂತಿದ್ದಳು.

"ನಿನ್ ಬಸ್ಸು ನಂಗ್ ಬ್ಯಾಡ ಕಣಪ್ಪ. ನೀನು ಪಕ್ಕದಾಗೆ ಓಗು. ಮಕ್ಳುನ್ನ ಮಾತ್ರ ಇಲ್ಲಿ ಇಳಿಸ್ಬುಟ್ಟು ಓಗು."

ಸೋಗೆ ಕಟ್ಟಿದ ಬಸ್ಸು

ಹುಣಸೆಮರದ ಸಂಗತಿ ಗೌಡರ ಕಿವಿಗೆ ಬಿತ್ತು. ಹೇಳಿದವರು ಮೊರದಗಲದ ಜಾಗವನ್ನು ದಾರಿಯಲ್ಲೇ ಬೆರಳಗಲ ಮಾಡಿದ್ದರು. ಬೆಳಿಗ್ಗೆ ಬಸ್ಸು ಅವರ ಊರಿಗೆ ಹೋದಾಗ ಗೌಡರು ಮೊಮ್ಮಗಳ ಭುಜ ಹಿಡಿದುಕೊಂಡು ನಿಂತಿದ್ದರು. ಉಳಿದ ಹುಡುಗಿಯರು ಅವರ ಮುಖ ನೋಡುತ್ತಿದ್ದರು. ಯಾರೂ ಹತ್ತಲಿಲ್ಲ.

"ತಗುಲಿಲ್ಲವಲ್ಲ ಗೌಡ್ರೇ" ಎಂದೆ.

"ತಗುಲಿದ್ರೆ ಮಾತಾಡಾಕೆ ನಾನ್ ಇಲ್ಲಿಗೆ ಬತ್ತಾನೇ ಇರ್ನಿಲ್ಲ" ಎಂದರು. ಆಮೇಲೆ ಬಸ್ಸಿನ ಸುತ್ತ ಒಂದು ಸುತ್ತು ಬಂದು, ಹಿಂಭಾಗದ ಹಲಗೆಯನ್ನು ತಟ್ಟಿ ನೋಡಿದರು. "ಬಸ್ಸಿಗೆ ಮೆತ್ತೆ ಕಟ್ರಿ. ಮುಂದ್ಕೂ ಕಟ್ರಿ, ಹಿಂದ್ಕೂ ಕಟ್ರಿ. ಆಗ ಏನಾರ ಬಂದ್ರೂ ಮೆತ್ತೆಗೆ ತಗುಲ್ತದೆ, ಬಸ್ಸಿಗೆ ತಗುಲಾಕಿಲ್ಲ."

"ಹುಲ್ಲು ಕಟ್ಟುದ್ರೆ ಕೆಂಡ ಅತ್ಕತದೆ ಗೌಡ್ರೇ" ಎಂದರು ಸಾಬರು.

"ಉಲ್ಲು ಯಾಕೆ? ಅಸೀ ಸೋಗೆ ಕಟ್ಟು. ನನ್ ಗದ್ದೇಲಿ ಕಬ್ಬು ಕಡೀತಾವ್ರೆ, ಬೇಕಾದಷ್ಟು ಅದೆ."

ಸೋಗೆ ಎಂದರೆ ಕಬ್ಬಿನ ತುದಿಯ ಹಸಿರು ಗರಿ. ಗೌಡರ ಆಳುಗಳೇ ತಂದು ದಪ್ಪದಪ್ಪ ಹೊರೆ ಮಾಡಿ ಬಸ್ಸಿಗೆ ಬಿಗಿದರು. ಹುಡುಗಿಯರು ಹತ್ತಿದರು. ಬಸ್ಸು ಮದುವೆಯ ಚಪ್ಪರದ ಹಾಗೆ ಹೊರಟಿತು. ಕೆಂಡಕ್ಕೆ ಹೆದರದ ಮೆತ್ತೆ ಸಿಕ್ಕಿತೆಂದು ಸಾಬರಿಗೂ ಸಮಾಧಾನ. ನಮಗೆ ಮದ್ದೂರು ವಡೆ ಹೇಗೋ ದನಗಳಿಗೆ ಸೋಗೆ ಹಾಗೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದನ ಸಾಕಿ ತಲೆ ನರೆತ ಗೌಡರಿಗೂ ಹೊಳೆಯಲಿಲ್ಲ.

ಮೊದಲ ದಿನ ಒಂದು ಆಡು ಬಂತು. ಎರಡನೇ ದಿನ ಬಸ್ಸು ನಿಂತಲ್ಲೆಲ್ಲ ಕರುಗಳು. ವಾರ ತುಂಬುವಷ್ಟರಲ್ಲಿ ಹುಡುಗಿಯರಿಗಿಂತ ಮೊದಲೇ ದನಗಳು ಬಂದು ಬಸ್ಸಿಗೆ ಕಾಯುತ್ತಿದ್ದವು. ಅಷ್ಟು ದಿನ ದಾರಿಯಲ್ಲಿ ದನ ಕಂಡರೆ ನಾವು ತಪ್ಪಿಸಿಕೊಂಡು ಹೋಗುತ್ತಿದ್ದೆವು, ಈಗ ದನಗಳೇ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದವು. ಮಂಡ್ಯ ಸೇರುವ ಹೊತ್ತಿಗೆ ಮೆತ್ತೆ ಬರೀ ಹಗ್ಗ. ಮಾರನೆಯ ಬೆಳಿಗ್ಗೆ ಗೌಡರ ಆಳುಗಳು ಹೊಸದು ಕಟ್ಟುತ್ತಿದ್ದರು. ಬಿಚ್ಚಿಬಿಡೋಣ ಎಂದರೆ ಗೌಡರು ಮೊಮ್ಮಗಳನ್ನು ಇಳಿಸಿಕೊಳ್ಳುತ್ತಾರೆ. ನಾನು ಹಾರನ್ನಿನ ಕೆಲಸ ಬಿಟ್ಟು ಕೋಲು ಹಿಡಿದು ದನ ಓಡಿಸುವ ಕೆಲಸಕ್ಕೆ ಸೇರಿದೆ.

ಒಂದು ಬೆಳಿಗ್ಗೆ ಮಂಡ್ಯಕ್ಕೆ ಬರುವಾಗ ಯಲಿಯೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಂತಿತು. ಹಿಂದಿನ ಬೆಂಚಿನಿಂದ ಗೌಡರ ಮೊಮ್ಮಗಳು, "ಅಕ್ಕ, ನಮ್ಮ ಎತ್ತು" ಎಂದಳು. ತಿರುಗಿ ನೋಡಿದೆ. ಗೌಡರೇ ಗಾಡಿ ಹೊಡೆದುಕೊಂಡು ಮಂಡ್ಯದ ಕಡೆಗೆ ಬರುತ್ತಿದ್ದರು. ಜೋಡಿ ಎತ್ತುಗಳ ಕೊಂಬಿಗೆ ಹಿತ್ತಾಳೆ ಕಳಸ, ಕೊರಳಿಗೆ ಗಂಟೆ, ಊರಲ್ಲೆಲ್ಲ ಅವುಗಳದ್ದೇ ಮಾತು. ಬಸ್ಸಿನ ಹಿಂದೆ ಹಸಿರು ಸೋಗೆ ಕಂಡದ್ದೇ ಅವುಗಳ ನಡಿಗೆ ಓಟವಾಯಿತು.

ನಾನು ಹಿಂದಿನ ಕಿಟಕಿಗೆ ಓಡಿ, "ಗೌಡ್ರೇ, ಹಗ್ಗ ಎಳೀರಿ, ಎತ್ತು ಸೋಗೆಗೆ ಬರ್ತಾವೆ" ಎಂದು ಕೂಗಿದೆ.

ಗೌಡರಿಗೆ ಸಿಟ್ಟು ಬಂತು. ಹಗ್ಗ ಎಳೆಯಬೇಕಾದ ಕೈಯನ್ನು ಮೇಲೆತ್ತಿ ನನ್ನ ಕಡೆ ತೋರಿಸಿದರು. "ಎತ್ತು ಒಡೆಯಾದು ನಂಗೇ ಯೋಳ್ಕೊಡ್ತೀಯವ್ವ? ಇವು ನಾನು ಯೋಳ್ದಂಗೆ—"

ಮಾತು ಅಲ್ಲಿಗೆ ನಿಂತಿತು, ಎತ್ತುಗಳು ನಿಲ್ಲಲಿಲ್ಲ. ಗಾಡಿಯ ಮೂಕಿ, ಎಂದರೆ ಎತ್ತುಗಳ ನಡುವೆ ಮುಂದಕ್ಕೆ ಚಾಚಿದ ಮರ, ಸೋಗೆಯ ಹೊರೆಯನ್ನು ಸೀಳಿ, ಹಲಗೆಯನ್ನೂ ಸೀಳಿ, ಹಿಂದಿನ ಬೆಂಚಿನ ಕೆಳಗೆ ಒಳಗೆ ಬಂತು. ಹುಡುಗಿಯರು ಕಾಲು ಮೇಲೆತ್ತಿಕೊಂಡಿದ್ದರು, ಯಾರಿಗೂ ಏನೂ ಆಗಲಿಲ್ಲ. ಗೌಡರು ಮಾತ್ರ ಗಾಡಿಯಿಂದ ಮುಂದಕ್ಕೆ ಚಿಮ್ಮಿ, ಎರಡು ಎತ್ತುಗಳ ನಡುವೆ ಸೋಗೆಯ ಮೇಲೆ ಕೂತಿದ್ದರು. ಪೇಟ ಒಂದು ಎತ್ತಿನ ಕೊಂಬಿನಲ್ಲಿತ್ತು. ಎತ್ತುಗಳು ಅವರ ಎಡಕ್ಕೂ ಬಲಕ್ಕೂ ನೆಮ್ಮದಿಯಾಗಿ ಮೇಯುತ್ತಿದ್ದವು.

ಸಾಬರು ಇಳಿದು ಓಡಿ ಬಂದು ಅವರನ್ನು ಎಬ್ಬಿಸಿದರು. ಗೌಡರು ಮಣ್ಣು ಕೊಡವಿಕೊಂಡು ಕೇಳಿದ ಮೊದಲ ಮಾತು: "ಬಸ್ಸು ಯಾಕೆ ನಿಲ್ಸುದ್ರಿ?"

"ಗೇಟ್ ಆಕವ್ರೆ ಗೌಡ್ರೇ."

ಗೌಡರು ಗೇಟನ್ನು ನೋಡಿದರು. ಹಲಗೆಯಲ್ಲಿ ಆಗಿದ್ದ ತೂತನ್ನು ನೋಡಿದರು. ಆ ತೂತಿನ ಆಚೆ ಮೊಮ್ಮಗಳ ಮುಖ ಇತ್ತು. ಅವಳು ಅಳುತ್ತಿರಲಿಲ್ಲ, ಆದರೆ ಪುಸ್ತಕದ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಬಸ್ಸಿಗೆ ಏನಾದರೂ ಬಂದು ತಗುಲಿದರೆ ತಪ್ಪು ಯಾರದೆಂದು ಕೇಳುವುದಿಲ್ಲ ಎಂದು ಗೌಡರು ಹೇಳಿದ್ದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇವರು ಆಡಿದ ಮಾತು ತಪ್ಪುವವರಲ್ಲ ಎಂಬುದೂ ಗೊತ್ತಿತ್ತು. ರೈಲು ಬಂತು, ಹೋಯಿತು. ಗೇಟು ತೆಗೆದರು. ಗೌಡರು ಪೇಟ ಬಿಡಿಸಿಕೊಂಡು, ಎತ್ತುಗಳನ್ನು ಎಳೆದುಕೊಂಡು, ಮಂಡ್ಯಕ್ಕೆ ಹೋಗದೆ ಊರಿಗೇ ವಾಪಸು ಹೋದರು. ಆ ಸಾಯಂಕಾಲ ಹುಡುಗಿಯರು ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ನನ್ನ ಮಗಳ ಕೆನ್ನೆ ಮುಟ್ಟಿ ಇಳಿದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಸಾಬರು ಹೊಗೆ ಜಾಸ್ತಿ ಎಂದರು, ನಾನೂ ಹೌದೆಂದೆ.

ರಾತ್ರಿ ಯಜಮಾನರು, "ನಾಳೆಯಿಂದ ಮನೇಲೇ ಕೂಗ್ತೀಯಾ ಹಾಗಾದ್ರೆ" ಎಂದರು. ನಾನು ಎದ್ದು ಸೌದೆ ಒಡೆಯಲು ಹೋದೆ. ಕೂಗಿದ್ದಕ್ಕಿಂತ ಅದಕ್ಕೇ ತಮಗೆ ಹೆಚ್ಚು ಭಯವಾಯಿತು ಎಂದು ಆಮೇಲೆ ಹೇಳಿದರು.

ಬೆಳಿಗ್ಗೆ ಆ ಊರಿಗೆ ಹೋಗುವುದೇ ಬೇಡ ಎಂದೆ. ಸಾಬರು, "ನೋಡ್ಕೊಂಡು ಬರಾಣ" ಎಂದು ಬಸ್ಸು ಬಿಟ್ಟರು. ಊರ ಮುಂದೆ ಹುಡುಗಿಯರೆಲ್ಲ ನಿಂತಿದ್ದರು. ಎಲ್ಲರಿಗಿಂತ ಮುಂದೆ ಗೌಡರ ಮೊಮ್ಮಗಳು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕೈಯಲ್ಲಿ ಚೀಲ. ಗೌಡರು ದೂರದಲ್ಲಿ ತಮ್ಮ ಜಗಲಿಯ ಮೇಲೆ, ನಮ್ಮ ಕಡೆಗೆ ಬೆನ್ನು ಮಾಡಿ ಕೂತಿದ್ದರು.

ಹುಡುಗಿ ಹತ್ತಿದಳು. ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು. ಸಾಬರು ಬಸ್ಸು ಬಿಡಲು ಹೋದಾಗ ಅವಳು ನನ್ನ ಸೀಟಿನ ಹತ್ತಿರ ಬಂದು ಹೇಳಿದಳು: "ಅಕ್ಕ, ತಾತ ಒಂದು ಮಾತು ಕೇಳ್ಕೊಂಡು ಬಾ ಅಂದ್ರು."

"ಏನಂತೆ?"



"ತಪ್ಪು ಎತ್ತಿಂದಂತೆ, ಎತ್ತು ತಾತಂದಂತೆ, ಅದುಕ್ಕೆ ನನ್ ಬದ್ಲು ತಾತನೇ ಮನೇಲಿ ಕೂತ್ಕತಾರಂತೆ. ಎಷ್ಟು ದಿನ ಕೂತ್ಕಬೇಕು, ನಾಳೆ ಸಂತೆ ಅದೆ, ಅದುಕ್ಕಾರ ಬುಡ್ತೀರಾ?"